ವೈನರಿಯ ಮದುವೆಯೂ, ನಾನು ಅಳಿಸಿದ ಪೋಸ್ಟೂ



ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಆಮೇಲೆ ಬೈಯೋದಿದ್ರೆ ಬೈಯಿರಿ, ತಕರಾರಿಲ್ಲ.

ಹೋದ ಡಿಸೆಂಬರ್ 23ಕ್ಕೆ ನಂದಿ ಬೆಟ್ಟದ ತಪ್ಪಲಿನ ಒಂದು ವೈನರಿಯಲ್ಲಿ ಒಂದು ಮದುವೆ ಆಯ್ತು. ಹುಡುಗಿ ನಮ್ಮ ಹಳೇ ಸಂಗಾತಿಯೊಬ್ಬರ ಮಗಳು. ಅವರನ್ನ ನಾನು ಮೂವತ್ತು ವರ್ಷದಿಂದ ಅಣ್ಣ ಅಂತಲೇ ಕರೀತೀನಿ, ಇಲ್ಲೂ ಹಾಗೇ ಬರೀತೀನಿ. ಹುಡುಗ ಬೇರೆ ಜಾತಿ. ಜಮೀನು, ಪಂಚಾಯ್ತಿ, ಡೇರಿ ಮೂರೂ ಯಾರ ಕೈಯಲ್ಲಿರುತ್ತೋ ಆ ಜಾತಿ. ಕರೆದಿದ್ದು 38 ಜನರನ್ನ. ಶಾಮಿಯಾನ ಇಲ್ಲ, ಮೈಕಿಲ್ಲ, ಫ್ಲೆಕ್ಸ್ ಇಲ್ಲ. ಮರದ ಪೀಪಾಯಿಗಳನ್ನ ಸಾಲಾಗಿ ಮಲಗಿಸಿರೋ ತಣ್ಣನೆ ಕೋಣೆಯೊಳಗೆ, ಬಾಗಿಲು ಹಾಕ್ಕೊಂಡು ಮದುವೆ.

ಫೋಟೋ ಹೊರಗೆ ಬಂದ ಮೇಲೆ ನಮ್ಮ ಗ್ರೂಪುಗಳಲ್ಲಿ ಏನೇನು ಬಂತು ಅಂತ ನೀವೂ ನೋಡಿದ್ದೀರಿ. "ಚಳವಳಿ ಈಗ ವೈನರಿಗೆ ಬಂತು." "ಕೇರಿ ಜನಕ್ಕೆ ಒಂದು ಹೊತ್ತು ಊಟ ಹಾಕೋಕೆ ಆಗಲಿಲ್ವಾ?" "22 ಪ್ರತಿಜ್ಞೆ ತಗೊಂಡೋರು ಹೆಂಡದ ಮನೇಲಿ ಲಗ್ನ ಮಾಡ್ತಾರೆ."

ಇದರಲ್ಲಿ ನಾನು ಯಾರಿಗೂ ಬುದ್ಧಿ ಹೇಳೋ ಹಂಗಿಲ್ಲ. ಯಾಕಂದ್ರೆ ನಿಮಗಿಂತ ಮೊದಲು ಇದನ್ನ ಬರೆದವನು ನಾನೇ.

ಮದುವೆಗೆ ಎರಡು ವಾರ ಇದ್ದಾಗ ಅಣ್ಣ ಫೋನ್ ಮಾಡಿದ್ರು. "ಬರಬೇಕು ತಮ್ಮಾ. ಯಾರಿಗೂ ಹೇಳಬೇಡ. ಜಾಗ ಹಿಂದಿನ ದಿನ ತಿಳಿಸ್ತೀನಿ" ಅಂದ್ರು. ಜಾಗ ಯಾವುದು ಅಂತ ಬೇರೆ ಕಡೆಯಿಂದ ನನ್ನ ಕಿವಿಗೆ ಬಿತ್ತು. ಪಿತ್ತ ನೆತ್ತಿಗೇರಿತು. ಕೇರಿಯ ಮನೆಮನೆಯಿಂದ ಚಂದಾ ಎತ್ತಿ, ಕಚೇರಿಯಿಂದ ಕಚೇರಿಗೆ ಅಲೆದು ಅಂಬೇಡ್ಕರ್ ಭವನ ಕಟ್ಟಿಸಿದ ಮನುಷ್ಯ. ತನ್ನ ಮಗಳ ಮದುವೆಗೆ ಆ ಭವನ ಬಿಟ್ಟು ವೈನರಿಗೆ ಹೋಗೋದಾ? ಅವತ್ತು ರಾತ್ರಿಯೇ ಇಲ್ಲಿ ನಾಲ್ಕು ಸಾಲು ಗೀಚಿದೆ. ಹೆಸರು ಹಾಕಿರಲಿಲ್ಲ. ಆದ್ರೆ ನಂದಿ ಬೆಟ್ಟದ ಬುಡ, ವೈನರಿ, ನಮ್ಮ ಹೊಸ ಬೂರ್ಜ್ವಾಗಳು, ಡಿಸೆಂಬರ್ ಕೊನೆ ವಾರ ಎಲ್ಲಾ ಇತ್ತು. ಲೈಕು ಬೀಳ್ತಾ ಹೋದ್ವು. ನಾನು ಖುಷಿಯಾಗಿ ಎಣಿಸ್ತಾ ಕೂತಿದ್ದೆ.

ಹನ್ನೊಂದು ಗಂಟೆಗೆ ಅಣ್ಣನ ಫೋನ್ ಬಂತು. ಬೈಯ್ತಾರೆ ಅಂದ್ಕೊಂಡೆ. ಬೈಯಲಿಲ್ಲ. "ತಮ್ಮಾ, ಆ ಪೋಸ್ಟ್ ತೆಗೆದುಬಿಡು. ಹುಡುಗನ ಕಡೆಯವರಿಗೆ ಜಾಗ ಗೊತ್ತಾಗಿಬಿಡುತ್ತೆ" ಅಂದ್ರು. ಅಷ್ಟೇ.

ಅಳಿಸಿದೆ. ಅದು ಇಲ್ಲಿ ಇದ್ದದ್ದು ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಯಾರ್ಯಾರು ಸ್ಕ್ರೀನ್‌ಶಾಟ್ ತಗೊಂಡಿರಬಹುದು ಅನ್ನೋ ಭಯದಲ್ಲಿ ಮದುವೆ ಮುಗಿಯೋವರೆಗೂ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಇವತ್ತು ಇದನ್ನ ಬರೀತಿರೋದು ಆ ಇಬ್ಬರು ಮಕ್ಕಳ ಒಪ್ಪಿಗೆ ತಗೊಂಡು. ಅವರು ಈಗ ಈ ರಾಜ್ಯದಲ್ಲಿಲ್ಲ.

ಮದುವೆ ಮೊದಲು ನಿಗದಿ ಆಗಿದ್ದು ನಮ್ಮ ಭವನದಲ್ಲೇ. ಐನೂರು ಜನಕ್ಕೆ ಊಟ, ಮುದ್ದೆ, ಮಟನ್ ಸಾರು, ಹಾಡು ಎಲ್ಲಾ ಮಾತಾಗಿತ್ತು. ಅದನ್ನ ಕೆಡಿಸಿದ್ದು ಒಂದು ಹಾಳೆ.

1954ರ ವಿಶೇಷ ವಿವಾಹ ಕಾಯ್ದೆ ಗೊತ್ತಲ್ಲ? ಪುರೋಹಿತ ಬೇಡ, ಮುಹೂರ್ತ ಬೇಡ, ಜಾತಿ ಧರ್ಮ ಕೇಳೋ ಹಂಗಿಲ್ಲ. ಒಳ್ಳೇ ಕಾನೂನು. ಆದ್ರೆ ಅದರೊಳಗೆ ಒಂದು ಮುಳ್ಳಿದೆ. ಮದುವೆ ಆಗೋರು ಮೊದಲು ನೋಟಿಸ್ ಕೊಡಬೇಕು. ಅದನ್ನ ಕಚೇರಿಯಲ್ಲಿ ಎಲ್ಲರಿಗೂ ಕಾಣೋ ಜಾಗದಲ್ಲಿ ಅಂಟಿಸ್ತಾರೆ. 30 ದಿನ ಕಾಯಬೇಕು. ಯಾರು ಬೇಕಾದ್ರೂ ಬಂದು ಆಕ್ಷೇಪಣೆ ಹಾಕಬಹುದು. ಹುಡುಗ ಹುಡುಗಿ ಕೆಲಸ ಮಾಡೋ ಊರು ಒಂದು, ಕಾಯಂ ಊರು ಇನ್ನೊಂದು ಆದ್ರೆ ಆ ಊರಿನ ವಿವಾಹ ಅಧಿಕಾರಿಯ ಕಚೇರಿಗೂ ಒಂದು ಪ್ರತಿ ಹೋಗುತ್ತೆ, ಅಲ್ಲೂ ಅಂಟಿಸ್ತಾರೆ. ಜಾತಿ ಬೇರೆ ಅನ್ನೋದು ಆಕ್ಷೇಪಣೆಗೆ ಕಾರಣವೇ ಅಲ್ಲ ಅಂತ ಕಾನೂನು ಹೇಳುತ್ತೆ, ನಿಜ. ಆದ್ರೆ ಊರಿನವರಿಗೆ ಆಕ್ಷೇಪಣೆ ಅರ್ಜಿ ಯಾಕೆ ಬೇಕು? ಹೆಸರು, ಅಪ್ಪನ ಹೆಸರು, ವಿಳಾಸ ಸಿಕ್ಕಿದ್ರೆ ಸಾಕು.

ಹಾಗೇ ಆಯ್ತು. ಯಾರೋ ನೋಟಿಸ್ ಬೋರ್ಡಿನ ಫೋಟೋ ಹೊಡೆದು ಹುಡುಗನ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ. ಮಾರನೇ ದಿನ ಹುಡುಗನ ದೊಡ್ಡಪ್ಪನ ಮಕ್ಕಳು ಎರಡು ಕಾರಲ್ಲಿ ಅಣ್ಣನ ಮನೆ ಮುಂದೆ ಬಂದು ನಿಂತ್ರು. ಹೊಡೀಲಿಲ್ಲ, ಬಡೀಲಿಲ್ಲ. "ಮದುವೆ ಎಲ್ಲಿ ಮಾಡ್ತೀರೋ ಅಲ್ಲಿಗೆ ನಾವೂ ಬರ್ತೀವಿ" ಅಂತ ಹೇಳಿ ಹೋದ್ರು. ಅಣ್ಣ ಪೊಲೀಸರ ಹತ್ರ ಹೋದ್ರೆ ಸಿಕ್ಕಿದ ಸಲಹೆ ಇದು: "ಬೇಗ ಮುಗಿಸ್ಕೊಂಡು ಮಕ್ಕಳನ್ನ ಎಲ್ಲಾದ್ರೂ ದೂರ ಕಳಿಸಿಬಿಡಿ."

2016ರ ಮಾರ್ಚಲ್ಲಿ ತಮಿಳುನಾಡಿನ ಉಡುಮಲಪೇಟೆಯಲ್ಲಿ ಹಾಡಹಗಲು, ಬಸ್ ಸ್ಟ್ಯಾಂಡ್ ಪಕ್ಕ ಏನಾಯ್ತು ಅಂತ ನೆನಪಿದೆಯಲ್ಲ? 2018ರ ಸೆಪ್ಟೆಂಬರಲ್ಲಿ ತೆಲಂಗಾಣದ ಮಿರ್ಯಾಲಗೂಡದಲ್ಲಿ, ಬಸುರಿ ಹೆಂಡತಿಯ ಕಣ್ಣೆದುರು? ಎರಡು ಕಡೆಯೂ ಸತ್ತದ್ದು ನಮ್ಮ ಹುಡುಗರು. ನಮ್ಮ ರಾಜ್ಯದ ಪತ್ರಿಕೆಗಳೂ ಇಂಥ ಸುದ್ದಿಗೆ ಬರಗೆಟ್ಟಿಲ್ಲ.

ಅದೇ 2018ರ ಮಾರ್ಚಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು: ವಯಸ್ಕರಿಬ್ಬರು ಮದುವೆಯಾಗೋಕೆ ಮನೆಯವರದ್ದಾಗಲೀ ಜಾತಿಯವರದ್ದಾಗಲೀ ಒಪ್ಪಿಗೆ ಬೇಕಾಗಿಲ್ಲ. ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ, 24 ಗಂಟೆಯ ಸಹಾಯವಾಣಿ ಮಾಡಿ, ಜಿಲ್ಲಾ ಕೇಂದ್ರಗಳಲ್ಲಿ ಇಂಥ ಜೋಡಿಗಳಿಗೆ ಸುರಕ್ಷಿತ ಮನೆ ಮಾಡೋದನ್ನ ಯೋಚಿಸಿ ಅಂತ ರಾಜ್ಯಗಳಿಗೆ ಸೂಚಿಸಿತು. 2021ರ ಫೆಬ್ರವರಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಒಂದು ಅಂತರ್ಜಾತಿ ಮದುವೆಯ ಪ್ರಕರಣದಲ್ಲಿ ಅದೇ ಕೋರ್ಟು ಬಾಬಾಸಾಹೇಬರ 'ಜಾತಿ ವಿನಾಶ'ವನ್ನೇ ಎತ್ತಿ ಹೇಳಿತು. ತೀರ್ಪು ಓದೋಕೆ ಚೆನ್ನಾಗಿದೆ. ಆದ್ರೆ ಎರಡು ಕಾರು ಮನೆ ಮುಂದೆ ಬಂದು ನಿಂತ ದಿನ ಯಾವ ಬಾಗಿಲು ತಟ್ಟಬೇಕು ಅಂತ ನಲವತ್ತು ವರ್ಷ ಚಳವಳಿಯಲ್ಲಿದ್ದ ಅಣ್ಣನಿಗೇ ಗೊತ್ತಾಗಲಿಲ್ಲ. ಇನ್ನು ಬೇರೆಯವರ ಪಾಡೇನು?

ವೈನರಿಯ ಯೋಚನೆ ಹುಡುಗಿಯದ್ದು. ಅವಳ ಆಫೀಸಿನವರು ಯಾವಾಗಲೋ ಅಲ್ಲಿಗೆ ಟೂರು ಹೋಗಿದ್ರು. ದೊಡ್ಡ ಗೇಟು, ಸೆಕ್ಯುರಿಟಿ, ಕ್ಯಾಮೆರಾ. ಹೆಸರು ಪಟ್ಟಿಯಲ್ಲಿಲ್ಲದೆ ಒಂದು ನರಪಿಳ್ಳೆಯನ್ನೂ ಒಳಗೆ ಬಿಡಲ್ಲ. ಸಹಿ ಆಗಬೇಕಾದ್ದು ಅದರ ಹಿಂದಿನ ವಾರವೇ ಕಚೇರಿಯಲ್ಲಿ, ಮೂವರು ಸಾಕ್ಷಿಗಳ ಮುಂದೆ, ಸದ್ದಿಲ್ಲದೆ ಆಗಿತ್ತು. ಈ 38 ಜನರ ಸಂಭ್ರಮಕ್ಕೆ ಒಂದು ಕಾವಲಿರೋ ಜಾಗ ಬೇಕಿತ್ತು. ನಾವು 'ಬೂರ್ಜ್ವಾ ಮದುವೆ' ಅಂತ ಆಡಿಕೊಂಡದ್ದು ಆ ಗೇಟನ್ನ. ಸರ್ಕಾರ ಕೊಡಬೇಕಿದ್ದ ಸುರಕ್ಷಿತ ಮನೆಯನ್ನ ಆ ಹುಡುಗಿ ತನ್ನ ಸಂಬಳದಲ್ಲಿ ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದಳು.

ಈಗ 'ಒಳಗೆ' ಅನ್ನೋ ಮಾತಿಗೆ ಬರ್ತೀನಿ.

ಅಣ್ಣ ಅವತ್ತು ಎದ್ದು ನಿಂತು ಆಡಿದ್ದು ಎರಡೇ ಮಾತು. "ನಮ್ಮಪ್ಪ ಸುತ್ತ ಹತ್ತೂರಿನ ಮದುವೆಗೆ ತಮಟೆ ಬಡಿದ. ಒಂದು ಮದುವೆಯ ಒಳಗೂ ಹೋಗಲಿಲ್ಲ" ಅಂದ್ರು. ಆಮೇಲೆ ಮಾತು ಹೊರಡಲಿಲ್ಲ, ಕೂತುಬಿಟ್ರು.

ನಮ್ಮಲ್ಲಿ ಈ ಕಥೆ ಇಲ್ಲದ ಮನೆ ಯಾವುದಿದೆ ಹೇಳಿ? ಚಪ್ಪರಕ್ಕೆ ಗುಂಡಿ ತೋಡಿದವರು ನಾವು, ಸೌದೆ ಒಡೆದವರು ನಾವು, ಮೆರವಣಿಗೆ ಮುಂದೆ ತಮಟೆ ಬಡಿದವರು ನಾವು. ಊಟ ಮಾತ್ರ ಎಲ್ಲರದ್ದೂ ಆದ ಮೇಲೆ, ಆಚೆ, ತಿಪ್ಪೆ ಪಕ್ಕ. ಮದುವೆ ಅಂದ್ರೆ ನಮಗೆ ಹೊರಗಡೆಯಿಂದ ನೋಡೋ ವಸ್ತು. ಬಾಬಾಸಾಹೇಬರ ಮದುವೆ ರಮಾಯಿಯವರ ಜೊತೆ ಆಗಿದ್ದು 1906ರಲ್ಲಿ, ಮುಂಬೈನ ಬೈಕುಲ್ಲಾ ಮಾರುಕಟ್ಟೆಯಲ್ಲಿ. ಹಗಲು ವ್ಯಾಪಾರ ಮುಗಿದು ಅಂಗಡಿಗಳು ಖಾಲಿಯಾದ ಮೇಲೆ ರಾತ್ರಿ ಹೊತ್ತು, ಗೋಡೆ ಇಲ್ಲದ ಷೆಡ್ಡಿನಲ್ಲಿ. ಕೆಳಗೆ ಗಲೀಜು ನೀರು ಹರೀತಿತ್ತು. ವ್ಯಾಪಾರದ ಕಲ್ಲುಕಟ್ಟೆಗಳೇ ಬಂದವರಿಗೆ ಆಸನ. ಬೆಳಗಾಗೋದರೊಳಗೆ ಜಾಗ ಖಾಲಿ ಮಾಡಬೇಕು.

ಅದೇ ಬಾಬಾಸಾಹೇಬರು 1948ರ ಏಪ್ರಿಲ್ 15ರಂದು ಮತ್ತೆ ಮದುವೆಯಾದ್ರು. ದೆಹಲಿಯ ತಮ್ಮ ಮನೆಯೊಳಗೆ, ಕೆಲವೇ ಜನರ ಮುಂದೆ, ಸಿವಿಲ್ ಮದುವೆ. ಹೆಣ್ಣು ಬ್ರಾಹ್ಮಣ ಮನೆತನದ ಡಾಕ್ಟರು. ಅಂದ್ರೆ ಚಿಕ್ಕ ಮದುವೆ, ಒಳಾಂಗಣದ ಮದುವೆ, ಅಂತರ್ಜಾತಿ ಮದುವೆ. ನಾವು ಯಾವುದನ್ನ ಹೊಸ ಶೋಕಿ ಅಂತ ಆಡಿಕೊಂಡ್ವೋ ಅದನ್ನ ಬಾಬಾಸಾಹೇಬರು ಆವಾಗಲೇ ಮಾಡಿದ್ರು.

ಹಾಗಂತ ದೊಡ್ಡ ಮದುವೆ ತಪ್ಪು ಅಂತ ನಾನು ಹೇಳಲ್ಲ. 2018ರಲ್ಲಿ ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆಯ ಒಬ್ಬ ದಲಿತ ಮದುವೆಗಂಡು ಊರೊಳಗೆ ಮೆರವಣಿಗೆ ಹೋಗೋಕೆ ಹೈಕೋರ್ಟ್ ಮೆಟ್ಟಿಲು ಹತ್ತಿದ, ಕೊನೆಗೆ ಪೊಲೀಸ್ ಕಾವಲಲ್ಲಿ ಹೋದ. ಅವನ ಕುದುರೆ ಎಷ್ಟು ರಾಜಕೀಯವೋ ಈ ಹುಡುಗಿಯ ಮುಚ್ಚಿದ ಬಾಗಿಲೂ ಅಷ್ಟೇ ರಾಜಕೀಯ. ಬೀದಿ ತುಂಬ ಮೆರೆಯೋದಾ, ಬಾಗಿಲು ಹಾಕ್ಕೊಂಡು ನಾಲ್ಕು ಜನರ ಜೊತೆ ನಗೋದಾ ಅಂತ ತೀರ್ಮಾನ ಮಾಡೋ ಹಕ್ಕು ನಮ್ಮ ಮಕ್ಕಳದ್ದಾಗಬೇಕು. ಮೇಲ್ಜಾತಿಯ ಶ್ರೀಮಂತರು ಮೂವತ್ತು ಜನರ ಮದುವೆ ಮಾಡಿದ್ರೆ ಸರಳತೆ, ಅಭಿರುಚಿ ಅಂತೀವಿ. ನಮ್ಮ ಹುಡುಗಿ ಮಾಡಿದ್ರೆ ಕೇರಿ ಮರೆತಳು ಅಂತೀವಿ. ಯಾಕೆ?

ಇನ್ನು ಚಳಿಗಾಲದ ವಿಷಯ. "ಧನುರ್ಮಾಸದಲ್ಲಿ ಯಾರಾದ್ರೂ ಮದುವೆ ಮಾಡ್ತಾರಾ?" ಅಂತ ಹುಡುಗನ ತಾಯಿ ಫೋನಲ್ಲಿ ಅತ್ತಿದ್ರಂತೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಶೂನ್ಯಮಾಸ, ಲಗ್ನ ಇಲ್ಲ ಅಂತಾರೆ ಪಂಚಾಂಗದವರು. ಈ ಮಕ್ಕಳು ಬೇಕೂ ಅಂತಲೇ ಆ ತಿಂಗಳು ಹಿಡಿದ್ರು. ಅವರು ಕೇಳಿದ್ದು ಡಿಸೆಂಬರ್ 25. 1927ರಲ್ಲಿ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟ ದಿನ. 1873ರಲ್ಲಿ ಫುಲೆಯವರ ಸತ್ಯಶೋಧಕ ಸಮಾಜದ ಮೊದಲ ಮದುವೆ, ಪುರೋಹಿತನಿಲ್ಲದೆ ನಡೆದ ದಿನವೂ ಅದೇ. ಆದ್ರೆ ವೈನರಿಯವರು "ಅವತ್ತು ಕ್ರಿಸ್‌ಮಸ್, ರೇಟು ಡಬಲ್" ಅಂದ್ರು. ಹಾಗಾಗಿ 23 ಆಯ್ತು. ಮನುಸ್ಮೃತಿಗಿಂತ ಮಾರ್ಕೆಟ್ಟು ದೊಡ್ಡದು ಅಂತ ಹುಡುಗಿಯೇ ನಕ್ಕಳು.

ನಮ್ಮ ಕನ್ನಡದಲ್ಲೂ ಇದಕ್ಕೆ ದಾರಿ ಇದೆ. ಕುವೆಂಪು ಮಗ ತೇಜಸ್ವಿಯವರ ಮದುವೆಗೆ, 1966ರಲ್ಲಿ, ಮಂತ್ರ ಮಾಂಗಲ್ಯ ಮಾಡಿಕೊಟ್ಟರಲ್ಲ. ಇವರು ಅದರಿಂದ ಸ್ವಲ್ಪ, ಸಂವಿಧಾನದ ಪೀಠಿಕೆಯಿಂದ ಸ್ವಲ್ಪ, ಪಂಚಶೀಲದಿಂದ ಸ್ವಲ್ಪ ತಗೊಂಡು ತಮ್ಮದೇ ಒಂದು ಕ್ರಮ ಮಾಡ್ಕೊಂಡಿದ್ರು. ಬುದ್ಧ, ಬಾಬಾಸಾಹೇಬ್, ಸಾವಿತ್ರಿಬಾಯಿ ಫೋಟೋ ಒಂದು ಪೀಪಾಯಿ ಮೇಲೆ. ಐದನೇ ಶೀಲ ಬಂತು ನೋಡಿ, ಮತ್ತು ಬರಿಸೋದನ್ನ ಕುಡಿಯಲ್ಲ ಅನ್ನೋದು. ಸುತ್ತ ನೂರಾರು ಪೀಪಾಯಿ ವೈನು. ಹೇಳಿಕೊಡ್ತಿದ್ದ ಭಂತೇಜಿ ಒಂದು ಕ್ಷಣ ನಿಂತು ಸುತ್ತ ನೋಡಿದ್ರು. ಮೊದಲು ನಕ್ಕಿದ್ದು ಅವರೇ. ಆಮೇಲೆ ನಾವೆಲ್ಲಾ.

ಅಣ್ಣನ ಕಡೆಯವರು ಕುಡಿದದ್ದು ದ್ರಾಕ್ಷಿ ರಸ. ಮಕ್ಕಳ ಸ್ನೇಹಿತರು ಕೆಲವರು ವೈನೂ ಕುಡಿದ್ರು, ಸುಳ್ಳು ಯಾಕೆ ಹೇಳಲಿ. ಇಲ್ಲಿ ನಮ್ಮ ಟೀಕಾಕಾರರ ಮಾತಲ್ಲಿ ಒಂದು ತೂಕ ಇದೆ, ಒಪ್ಪಿಕೊಳ್ತೀನಿ. ಕುಡಿತ ನಮ್ಮ ಕೇರಿಗಳನ್ನ ತಿಂದಿದೆ. 2019ರ ಜನವರಿಯ ಚಳಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ್ರು. ಅವರ ಮುಂದೆ ನಿಂತು ವೈನು ಪ್ರಗತಿಪರ ಅಂತ ಹೇಳೋ ಧೈರ್ಯ ನನಗಿಲ್ಲ. ಆದ್ರೆ ಒಂದು ಮಾತು ಗಮನಿಸಿ. 2007ರ ಜುಲೈನಲ್ಲಿ ನಮ್ಮ ಸರ್ಕಾರ ಸಾರಾಯಿ ನಿಲ್ಲಿಸಿತು. ಅದು ಬಡವರು ಕುಡಿಯೋದು. ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಅದು ಉಳ್ಳವರು ಕುಡಿಯೋದು. ಒಂದೇ ವರ್ಷ, ಒಂದು ಕೈಯಲ್ಲಿ ಬೀಗ, ಇನ್ನೊಂದು ಕೈಯಲ್ಲಿ ಪ್ರೋತ್ಸಾಹ. ನಮ್ಮ ಸಿಟ್ಟು ಆ ನೀತಿ ಮೇಲೆ ಇರಬೇಕಿತ್ತು. ಅದು ಬಿಟ್ಟು ಒಬ್ಬ ಹುಡುಗಿಯ ಮದುವೆ ಫೋಟೋ ಮೇಲೆ ತೀರಿಸ್ಕೊಂಡ್ವಿ.

ಊಟದ್ದೂ ಒಂದು ಕಥೆ. "ನಮ್ಮ ಪ್ಯಾಕೇಜಲ್ಲಿ ಮುದ್ದೆ ಬರಲ್ಲ ಸರ್" ಅಂದ್ರಂತೆ ಮ್ಯಾನೇಜರು. ಹೊರಗಿನ ಊಟ ತಂದ್ರೆ ಅದಕ್ಕೂ ಶುಲ್ಕ. ಕಟ್ಟಿದ್ರು. ಚಿಕ್ಕಮ್ಮಂದಿರು ಮನೇಲಿ ಬೇಯಿಸಿದ ಬಾಡೂಟ ಪಾತ್ರೆಗಳಲ್ಲಿ ಬಂತು. 2024ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟಕ್ಕಾಗಿ ಜಗಳ ಆಡಿದ ನಮಗೆ, ಪೀಪಾಯಿಗಳ ನಡುವೆ ಮುದ್ದೆ ಮುರಿದಾಗ ಆದ ಖುಷಿ ಹೇಳಿ ತೀರದು.

ಇಲ್ಲಿಗೇ ನಿಲ್ಲಿಸಿದ್ರೆ ಇದು ಬರೀ ಸಂತೋಷದ ಬರಹ ಆಗ್ತಿತ್ತು. ಆದ್ರೆ ಆ ಕೋಣೆಗೆ ಒಂದು ಕಿಟಕಿ ಇತ್ತು.

ಕಿಟಕಿಯಾಚೆ ದ್ರಾಕ್ಷಿ ತೋಟ. ಯುರೋಪಿನಲ್ಲಿ ಚಳಿಗಾಲ ಬಂದ್ರೆ ಬಳ್ಳಿ ಎಲೆ ಉದುರಿಸಿ ಮಲಗುತ್ತಂತೆ. ನಮ್ಮಲ್ಲಿ ಅದಕ್ಕೆ ನಿದ್ದೆ ಇಲ್ಲ. ವರ್ಷಕ್ಕೆ ಎರಡು ಸಲ ಸವರ್ತಾರೆ. ಮಳೆಗಾಲ ಮುಗಿಯೋ ಹೊತ್ತಿಗೆ ಸವರಿದ್ರೆ ಡಿಸೆಂಬರಿನಲ್ಲಿ ಕಾಯಿ ಕಟ್ಟಿರುತ್ತೆ, ಬೇಸಿಗೆ ಹೊತ್ತಿಗೆ ಕೊಯ್ಲು. ಮಂಜು ಬಿದ್ರೆ ಬೂಜು ರೋಗ, ಅದಕ್ಕೆ ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ದ್ರಾವಣ. ಬಳ್ಳಿಗೆ ನಿದ್ದೆ ಇಲ್ಲ ಅಂದ್ರೆ ಕೂಲಿಯವರಿಗೂ ಇಲ್ಲ. ಅವತ್ತು ಏಳೆಂಟು ಹೆಣ್ಣುಮಕ್ಕಳು ಎಲೆ ಬಿಡಿಸ್ತಾ ಇದ್ರು. ಬೆರಳೆಲ್ಲಾ ನೀಲಿ.

ನಮ್ಮವ್ವ ಇದೇ ಸೀಮೆಯ ತೋಟಗಳಲ್ಲಿ ಕೂಲಿ ಮಾಡಿದೋಳು. ಬೆಂಗಳೂರು ನೀಲಿ ದ್ರಾಕ್ಷಿ ಅಂತ ಇವತ್ತು ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿರೋ ಹಣ್ಣು. ಅವಳ ಸೀರೆ ಸೆರಗಲ್ಲಿ ಆ ನೀಲಿ ಹೋಗ್ತಾನೇ ಇರಲಿಲ್ಲ. ಸವರಿದ ಮೇಲೆ ಕಣ್ಣು ಒಟ್ಟಿಗೆ ಒಡೀಲಿ ಅಂತ ಬಳ್ಳಿಗೆ ಬಳೀತಾರಲ್ಲ, ಹೈಡ್ರೋಜನ್ ಸಯನಮೈಡ್, ಅದು ಚರ್ಮ ಸುಡುತ್ತೆ. ಅದರಲ್ಲಿ ಕೆಲಸ ಮಾಡಿದವರು ಮದ್ಯ ಮುಟ್ಟಿದ್ರೆ ಮುಖ ಕೆಂಪೇರಿ, ಎದೆ ಹೊಡ್ಕೊಂಡು ಒದ್ದಾಡಬೇಕಾಗುತ್ತೆ. ವೈನಿನ ಬಳ್ಳಿಯ ಕಣ್ಣು ತೆರೆಸೋ ಕೈಗೆ ಆ ವೈನು ವಿಷ.

ಅಣ್ಣನ ತಾಯಿ, ಎಂಬತ್ತು ದಾಟಿದ ಅಜ್ಜಿ, ಎದ್ದು ಆಚೆ ಹೋಗಿ ಅವರನ್ನ ಕರೆದ್ರು. "ಬನ್ರವ್ವಾ, ನಮ್ ಮೊಮ್ಮಗಳ ಮದುವೆ, ಒಂದ್ ತುತ್ತು ಉಂಡೋಗಿ." ಅವರು ಬರಲಿಲ್ಲ. "ಬ್ಯಾಡ ಕಣವ್ವ, ಮೈಕೈಯೆಲ್ಲಾ ಮೈಲುತುತ್ತ ಮೆತ್ಕೊಂಡೈತೆ. ಒಳಗ್ ಬಂದ್ರೆ ಮೇಸ್ತ್ರಿ ಅರ್ಧ ಕೂಲಿ ಹಿಡೀತಾನೆ" ಅಂದ್ರು. ಅಜ್ಜಿಯೇ ತಟ್ಟೆಗಳನ್ನ ತೋಟಕ್ಕೆ ಒಯ್ದು, ಸಾಲಿನ ಬದಿಯಲ್ಲಿ ಅವರ ಜೊತೆ ಕೂತು ಉಂಡ್ರು. ಮದುಮಗಳು ಸೀರೆ ಎತ್ತಿ ಕಟ್ಟಿ ಅಲ್ಲಿಗೇ ಹೋಗಿ ಬಡಿಸಿದಳು. ಒಳ್ಳೇದೇ. ಆದ್ರೆ ನಾವು ಒಳಗೆ ಬಂದ ದಿನವೂ ನಮ್ಮವರು ಹೊರಗೇ ಉಂಡ್ರಲ್ಲ, ಅದನ್ನ ನಾನು ಯಾವ ವಾದದಿಂದಲೂ ಮುಚ್ಚಲಾರೆ. ಆ ಹುಡುಗಿಯೂ ಮುಚ್ಚಲಿಲ್ಲ. "ಅಂಕಲ್, ಫೋಟೋದಲ್ಲಿ ಚೆನ್ನಾಗಿ ಕಾಣೋ ಕಡೆಯೆಲ್ಲಾ ಅಜ್ಜಿ ಕೂಲಿ ಮಾಡಿದ ಜಾಗಗಳೇ" ಅಂದಳು.

ಹಾಗಾಗಿ ನನ್ನ ಮಾತು ಇಷ್ಟು.

2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅಂತರ್ಜಾತಿ ಮದುವೆ ನೂರಕ್ಕೆ ಸುಮಾರು ಐದು. ಬಾಬಾಸಾಹೇಬರು ಜಾತಿಗೆ ನಿಜವಾದ ಮದ್ದು ಅಂತ ಹೇಳಿದ್ದು ಇದನ್ನೇ, 1936ರಲ್ಲಿ. ಆ ಐದರಲ್ಲಿ ಒಂದಾಗೋಕೆ ಹೊರಟ ಮಕ್ಕಳನ್ನ ನಾವು ಪ್ರಶ್ನೆ ಪತ್ರಿಕೆ ಹಿಡ್ಕೊಂಡು ಎದುರುಗೊಳ್ಳಬಾರದು. ಈ ಹುಡುಗಿಗೆ ಸಂಬಳ ಇತ್ತು, ಗೇಟು ಬಾಡಿಗೆಗೆ ಸಿಕ್ತು. ಗಾರ್ಮೆಂಟ್ಸ್‌ಗೆ ಹೋಗೋ ಹುಡುಗಿಗೆ, ಆ ದ್ರಾಕ್ಷಿ ತೋಟದ ಕೂಲಿಯ ಮಗನಿಗೆ ಯಾವ ಗೇಟಿದೆ?

ಒಂದು, 30 ದಿನ ನೋಟಿಸ್ ಅಂಟಿಸೋ ಪದ್ಧತಿ ಹೋಗಬೇಕು. ಮದುವೆ ಆಗೋರು ಕೇಳಿದ್ರೆ ಮಾತ್ರ ಪ್ರಕಟಿಸಿ ಅಂತ 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟು ಹೇಳಿದೆ. ಅದು ಕಾಯ್ದೆಯಲ್ಲೇ ಬರಬೇಕು.

ಎರಡು, ನಿಮ್ಮ ನಿಮ್ಮ ಜಿಲ್ಲೆಯಲ್ಲಿ ವಿಶೇಷ ಘಟಕ ಎಲ್ಲಿದೆ, ಫೋನ್ ನಂಬರ್ ಏನು, ಸುರಕ್ಷಿತ ಮನೆ ಇದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಾನು ನಮ್ಮ ಜಿಲ್ಲೆಯದ್ದು ಈ ವಾರ ಹಾಕ್ತಿದ್ದೀನಿ.

ಮೂರು, ನಮ್ಮ ಅಂಬೇಡ್ಕರ್ ಭವನಗಳು ಇಂಥ ಮದುವೆಗೆ ಬಾಡಿಗೆ ಇಲ್ಲದೆ ಸಿಗಬೇಕು. ಅವತ್ತು ಗೇಟಿನ ಹತ್ರ ನಾವು ನಿಲ್ಲಬೇಕು. ಐವತ್ತು ಜನ ನಿಂತ್ರೆ ಯಾವ ಸೆಕ್ಯುರಿಟಿಯೂ ಬೇಡ. ಕಾನೂನಿಗೆ ಮೂವರು ಸಾಕ್ಷಿ ಬೇಕು. ಆ ಮೂವರು ಸಿಗದೆ ಅಲೆಯೋ ಜೋಡಿಗಳಿದ್ದಾವೆ. ನನ್ನ ಹೆಸರು ಬರ್ಕೊಳ್ಳಿ, ಆಧಾರ್ ಕಾರ್ಡ್ ಜೊತೆ ಬರ್ತೀನಿ.

ನಾಲ್ಕು, ದ್ರಾಕ್ಷಿ ತೋಟದ ಕೂಲಿ, ಕೈಗವಸು, ಔಷಧಿಯ ವಿಷ, ಇದರ ಬಗ್ಗೆ ನಾವು ಕೊನೆಯ ಸಲ ಮಾತಾಡಿದ್ದು ಯಾವಾಗ? ಮದುವೆ ಫೋಟೋಗೆ ಇನ್ನೂರು ಕಾಮೆಂಟು ಬರೆದ ನಾವು ಆ ನೀಲಿ ಬೆರಳುಗಳ ಬಗ್ಗೆ ಇಪ್ಪತ್ತು ಬರೆಯೋಣ.

ಅಣ್ಣಾ, ನೀವು ಇದನ್ನ ಓದ್ತೀರಿ ಅಂತ ಗೊತ್ತು. ಫೋನಲ್ಲಿ ಕ್ಷಮೆ ಕೇಳಿದ್ದೆ, ನೀವು "ಬಿಡು ತಮ್ಮಾ" ಅಂದಿದ್ರಿ. ಆದ್ರೆ ಗೀಚಿದ್ದು ಎಲ್ಲರ ಮುಂದೆ. ಅದಕ್ಕೇ ಈ ಕ್ಷಮೆಯೂ ಎಲ್ಲರ ಮುಂದೆ.

ಮುಂದಿನ ಮದುವೆ ಭವನದಲ್ಲೇ ಮಾಡೋಣ. ಬಾಗಿಲು ಅಗಲ ತೆಗೆದು.

ಜೈ ಭೀಮ್.